ಬಲೆಯೊಳಗಿನ ಗೂಡು

ಮಧುಕುಮಾರ್ ಆ ಗೂಡನ್ನು ನೋಡಿದ್ದ. ನೋಡಿಯೂ ಬಲೆ ಎಳೆದು ಮುಚ್ಚಿದ್ದ.

ರಾಮನಗರದ ಐಜೂರಿನಲ್ಲಿ ಮೂರು ಅಂತಸ್ತಿನ ಒಂದು ಕಟ್ಟಡ. ಎರಡನೇ ಮಹಡಿಯ ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯಲು, ಬಟ್ಟೆ ಒಣಹಾಕಲು ಬಿಟ್ಟಿದ್ದ ಸಣ್ಣ ಬಾಲ್ಕನಿ. ಅಲ್ಲಿ ಪಾರಿವಾಳದ ಕಾಟ ತಡೆಯಲಾಗುತ್ತಿಲ್ಲ, ಬಲೆ ಹಾಕಿಕೊಡಿ ಎಂದು ಗಿರಿಜಾಂಬ ಎನ್ನುವವರು ಫೋನ್ ಮಾಡಿದ್ದರು. ಮಧುವಿಗೆ ಇದು ದಿನನಿತ್ಯದ ಕೆಲಸ. ಐಟಿಐಯಲ್ಲಿ ಫಿಟ್ಟರ್ ಓದಿ, ಎರಡು ವರ್ಷ ಹಗ್ಗಕ್ಕೆ ನೇತಾಡಿಕೊಂಡು ಎತ್ತರದ ಕಟ್ಟಡಗಳ ಗಾಜು ಒರೆಸಿ, ಕೊನೆಗೆ ಊರಿಗೇ ಬಂದು ಬಲೆ ಕಟ್ಟುವುದನ್ನು ಕಸುಬು ಮಾಡಿಕೊಂಡಿದ್ದ. ಮಾಗಡಿಯಿಂದ ಕನಕಪುರದವರೆಗೆ ಕಂಬಕಂಬಕ್ಕೂ ಕಟ್ಟಿದ್ದ ಹಳದಿ ಬೋರ್ಡುಗಳಲ್ಲಿ ಅವನ ನಂಬರಿತ್ತು.

ಅವತ್ತು ಶನಿವಾರ. ಇನ್ನೂ ಎರಡು ಮನೆಗಳ ಕೆಲಸ ಬಾಕಿಯಿತ್ತು. ಗೋಡೆಗೆ ಡ್ರಿಲ್ ಹಿಡಿದು ಹುಕ್ಕು ಕೂರಿಸುತ್ತ ಮೂಲೆಗೆ ಬಂದಾಗ, ಎಸಿಯ ಹೊರಪೆಟ್ಟಿಗೆಗೂ ಗೋಡೆಗೂ ನಡುವೆ ಇದ್ದ ಗೇಣಗಲದ ಸಂದಿಯಲ್ಲಿ ಎರಡು ಮರಿಗಳು ಕಂಡವು. ಹಳದಿ ತುಪ್ಪಳದ ನಡುವೆ ಮುಳ್ಳು ಮುಳ್ಳಾಗಿ ಗರಿ ಮೂಡುತ್ತಿತ್ತು. ಹತ್ತು ಹನ್ನೆರಡು ದಿನದವಿರಬೇಕು. ಅವನನ್ನು ಕಂಡು ಒಂದು ಮರಿ ಮೈ ಉಬ್ಬಿಸಿ ಕೊಕ್ಕನ್ನು ಟಕ್ ಎಂದು ಬಡಿಯಿತು, ಹೆದರಿಸುವಂತೆ.

ಹೇಳಿದರೆ ಮನೆಯವರು ಗಾಬರಿಯಾಗುತ್ತಾರೆ. ಇನ್ನೊಂದು ದಿನ ಬನ್ನಿ ಎನ್ನುತ್ತಾರೆ. ಬಲೆ, ಹಗ್ಗ, ಡ್ರಿಲ್ ಎಲ್ಲ ಹೊತ್ತುಕೊಂಡು ಮತ್ತೆ ಬರಬೇಕು. ಇಂಥವನ್ನು ಅವನು ಎಷ್ಟೋ ಕಡೆ ನೋಡಿದ್ದ. ಮೊಟ್ಟೆಯಾದರೆ ತೆಗೆದು ಬಿಸಾಡುತ್ತಿದ್ದ. ಮರಿಯಾದರೆ ಮುಖ ತಿರುಗಿಸಿಕೊಳ್ಳುತ್ತಿದ್ದ. ಅವತ್ತೂ ತಿರುಗಿಸಿಕೊಂಡ. ಬಲೆಯ ಕೊನೆಯ ಅಂಚನ್ನು ಬಿಗಿದು ಗಂಟು ಹಾಕಿ, ಗಿರಿಜಾಂಬ ಕೊಟ್ಟ ಕಾಫಿ ಕುಡಿದು ಹೊರಟುಬಿಟ್ಟ.

ಮಾರನೆಯ ಬೆಳಿಗ್ಗೆ ಅವನು ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನ ತನ್ನ ಮನೆಯ ಮುಂದೆ ಬೈಕು ತೊಳೆಯುತ್ತಿದ್ದಾಗ ಫೋನ್ ಬಂತು.

"ಮಧುಕುಮಾರ್ ಅವ್ರಾ? ನಾನು ಐಜೂರಿಂದ ಗಿರಿಜಾಂಬ. ನಿನ್ನೆಯಿಂದ ಒಂದು ಪಾರಿವಾಳ ಬಂದು ಬಂದು ಬಲೆಗೆ ಬಡ್ಕೊಳ್ತಾ ಇದೆ. ಒಳಗಡೆ ಏನೋ ಕೀಚ್ ಕೀಚ್ ಅಂತಿದೆ. ಅಲ್ಲೇನಾದ್ರೂ ಗೂಡಿತ್ತಾ? ನೀವು ನೋಡಿದ್ರಾ?"

"ಇಲ್ಲಮ್ಮ, ನಾನೇನೂ ನೋಡ್ಲಿಲ್ವಲ್ಲ" ಎಂದ. ಮಾತು ತಾನಾಗಿಯೇ ಬಾಯಿಂದ ಬಂದಿತ್ತು.

ಗಿರಿಜಾಂಬ, "ಒಂದ್ಸಲ ಬಂದ್ಹೋಗ್ತೀರಾ? ನಂಗೆ ಆ ಕಡೆ ಬಾಗಿಲು ತೆಗೆಯೋಕೆ ಆಗ್ತಿಲ್ಲ. ನಮ್ಮನೆಯವ್ರಿಗೆ ಆ ಧೂಳು ಆಗಲ್ಲ" ಎಂದರು.

ಅವನು ಹೋಗುವ ಹೊತ್ತಿಗೆ ತಾಯಿ ಪಾರಿವಾಳ ಬಲೆಗೆ ಸಿಕ್ಕಿಕೊಂಡಾಗಿತ್ತು. ಎಡ ರೆಕ್ಕೆ ಬಲೆಯ ಕಣ್ಣಿನೊಳಗೆ ಹೊಕ್ಕು ತಿರುಚಿಕೊಂಡಿತ್ತು. ಹಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ಒದ್ದಾಡಿ ಒದ್ದಾಡಿ ಸುಸ್ತಾಗಿ ಬಾಯಿ ತೆರೆದುಕೊಂಡಿತ್ತು. ನೈಲಾನ್ ದಾರ ಕೊರೆದ ಕಡೆ ರಕ್ತ ಹೆಪ್ಪುಗಟ್ಟಿ ಗರಿಗಳು ಅಂಟಿಕೊಂಡಿದ್ದವು. ಎದುರು ಮನೆಯ ಪ್ಯಾರಪೆಟ್ಟಿನ ಮೇಲೆ ಗಂಡು ಹಕ್ಕಿ ಅತ್ತಿಂದಿತ್ತ ನಡೆಯುತ್ತಿತ್ತು.

ಗಿರಿಜಾಂಬ ಮೂಗಿಗೆ ಸೆರಗು ಕಟ್ಟಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅರವತ್ತು ದಾಟಿದ, ತೆಳ್ಳಗಿನ ಹೆಂಗಸು; ಹಣೆಯಲ್ಲಿ ವಿಭೂತಿ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದವರು. ಅವರ ಗಂಡ ಚನ್ನಲಿಂಗಪ್ಪ ಮಾಗಡಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದವರು. ಒಂದು ವರ್ಷದಿಂದ ಅವರಿಗೆ ಉಸಿರಾಟದ ಕಾಯಿಲೆ. ಪಾರಿವಾಳದ ಹಿಕ್ಕೆಯ ಧೂಳಿನಿಂದಲೇ ಶ್ವಾಸಕೋಶ ಕೆಟ್ಟಿದೆ, ಅದು ಮನೆಯ ಹತ್ತಿರ ಸುಳಿಯಲೇಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅದಕ್ಕೇ ಬಲೆ. ಮುಚ್ಚಿದ ಎರಡು ಬಾಗಿಲುಗಳ ಆಚೆ, ನಡುಮನೆಯಲ್ಲಿ, ಆಮ್ಲಜನಕದ ಯಂತ್ರ ಒಂದೇ ಸಮನೆ ಗುಂಯ್‌ಗುಡುತ್ತಿತ್ತು.

ಮಧು ಹೊರಗಿನಿಂದ ಹಗ್ಗ ಬಿಟ್ಟುಕೊಂಡು ಇಳಿದು, ಒಂದು ಕೈಯಲ್ಲಿ ಹಕ್ಕಿಯ ಮೈ ಹಿಡಿದು, ಇನ್ನೊಂದರಲ್ಲಿ ಬಲೆಯ ಒಂದೊಂದೇ ಎಳೆ ಕತ್ತರಿಸಿದ. ಅದರ ಎದೆ ಅವನ ಅಂಗೈಯಲ್ಲಿ ಡಬಡಬ ಹೊಡೆದುಕೊಳ್ಳುತ್ತಿತ್ತು. ಐದು ವರ್ಷದಲ್ಲಿ ಸಾವಿರಾರು ಪಾರಿವಾಳ ಓಡಿಸಿದ್ದ ಅವನು, ಒಂದನ್ನೂ ಕೈಯಲ್ಲಿ ಹಿಡಿದಿರಲಿಲ್ಲ. ಇಷ್ಟು ಬಿಸಿಯಾಗಿರುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಎಸಿ ಪೆಟ್ಟಿಗೆಯ ಹಿಂದೆ ಒಂದು ಮರಿ ಸತ್ತುಹೋಗಿತ್ತು. ಇನ್ನೊಂದು ಅದರ ಪಕ್ಕದಲ್ಲೇ ಕುತ್ತಿಗೆ ಚಾಚಿ ಮಲಗಿತ್ತು. ಮುಟ್ಟಿದರೆ ಕದಲಿತು.

"ಒಂದು ಐತಮ್ಮ. ಒಂದು ಹೋಗ್ಬುಟ್ಟೈತೆ" ಎಂದ.

"ಅಯ್ಯೋ ಶಿವನೇ" ಎಂದು ಗಿರಿಜಾಂಬ ಕಣ್ಣು ಮುಚ್ಚಿಕೊಂಡರು. ಆಮೇಲೆ ಒಳಗೆ ಹೋಗಿ ಹಳೆಯ ಹತ್ತಿ ಸೀರೆಯ ತುಂಡು ತಂದು ಕಿಟಕಿಯಿಂದ ಕೊಟ್ಟರು. "ಇಲ್ಲಿ ಇಟ್ಕೊಳೋ ಹಾಗಿಲ್ಲಪ್ಪ. ನೀವೇ ತಗೊಂಡ್ಹೋಗಿ. ಎಲ್ಲಾದ್ರೂ ತೋರಿಸಿ. ಬದುಕಿಸೋಕೆ ಆಗುತ್ತಾ ನೋಡಿ."

ಹುಕ್ಕು, ಹಗ್ಗ ಇಡುವ ಬಕೆಟ್ಟನ್ನು ಖಾಲಿ ಮಾಡಿ, ತಾಯಿಯನ್ನೂ ಮರಿಯನ್ನೂ ಸೀರೆಯಲ್ಲಿ ಸುತ್ತಿಟ್ಟುಕೊಂಡು ಮಧು ಚನ್ನಪಟ್ಟಣಕ್ಕೆ ಬಂದ. ಭಾನುವಾರವಾದ್ದರಿಂದ ದನದ ಆಸ್ಪತ್ರೆಗೆ ಬೀಗ ಬಿದ್ದಿತ್ತು. ಎದುರಿನ ಟೀ ಅಂಗಡಿಯವನು ಬಕೆಟ್ಟಿನೊಳಗೆ ಇಣುಕಿ, "ಪಾರಿವಾಳನಾ? ಮುಜೀಬ್ ಸಾಬ್ರ ಹತ್ರ ಹೋಗಿ. ಬೊಂಬೆ ಲೇತು ಇಟ್ಟವ್ರಲ್ಲ, ಅವ್ರು" ಎಂದು ದಾರಿ ತೋರಿಸಿದ.

ಮುಜೀಬನಿಗೆ ಐವತ್ತೈದು ದಾಟಿರಬೇಕು. ಕೆಳಗೆ ಮರದ ಬೊಂಬೆ ಕಡೆಯುವ ಲೇತು, ಮೇಲೆ ತಾರಸಿಯಲ್ಲಿ ಪಾರಿವಾಳದ ಗೂಡು. ಮನೆತನಕ್ಕೇ ಹಕ್ಕಿ ಸಾಕುವ ಹುಚ್ಚು. ಅವನ ಗಡ್ಡದಲ್ಲಿ ಮರದ ಹೊಟ್ಟು ಸಿಕ್ಕಿಕೊಂಡಿತ್ತು. ಉಗುರುಗಳಲ್ಲಿ ಕೆಂಪು ಅರಗು. ಅವನು ಮೊದಲು ಹಕ್ಕಿಯನ್ನು ನೋಡಿದ, ಆಮೇಲೆ ಬಕೆಟ್ಟಿನ ತಳದಲ್ಲಿ ಉಳಿದಿದ್ದ ನಾಲ್ಕು ಹುಕ್ಕುಗಳನ್ನು.

"ಕಂಬಕ್ಕೆಲ್ಲ ಬೋರ್ಡ್ ಕಟ್ಟಿರೋ ಬಲೆ ಮಧು ನೀನೇ ಅಲ್ವಾ?"

"ಹೂಂ ಅಣ್ಣ."

ಮುಜೀಬ ಮೆಟ್ಟಿಲು ಹತ್ತಿದ. ಮಧು ಹಿಂದೆಯೇ ಹೋದ. ತಾರಸಿಯಲ್ಲಿ ಹಾರುವ ಹಕ್ಕಿಗಳ ದೊಡ್ಡ ಗೂಡಿನ ಪಕ್ಕಕ್ಕೆ ಇನ್ನೊಂದು ಸಣ್ಣ ಗೂಡಿತ್ತು. ಅದರಲ್ಲಿದ್ದ ಹನ್ನೊಂದು ಹಕ್ಕಿಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಒಂದಕ್ಕೆ ಕಾಲಿಲ್ಲ, ಒಂದಕ್ಕೆ ಒಂದೇ ಕಣ್ಣು.

"ಇದಕ್ಕೆ ಗಾಳಿಪಟದ ಮಾಂಜಾ ದಾರ ಕುಯ್ದಿದ್ದು" ಎಂದು ಮುಜೀಬ ತೋರಿಸುತ್ತ ಹೋದ. "ಇದು ರೇಸಿನ ಹಕ್ಕಿ, ಕಾಲಲ್ಲಿ ಉಂಗುರ ಐತೆ ನೋಡು. ದಾರಿ ತಪ್ಪಿ ಕಬ್ಬಾಳಮ್ಮನ ಗುಡಿ ಹತ್ರ ಬಿದ್ದಿತ್ತಂತೆ. ಉಂಗುರದ ನಂಬರ್ ಹಿಡ್ದು ಓನರಿಗೆ ಫೋನ್ ಮಾಡ್ದೆ. ಮನೇಗೆ ಬರ್ದಿರೋ ಹಕ್ಕಿ ನಂಗ್ಯಾಕೆ, ಕುತ್ತಿಗೆ ತಿರುವಿಬುಡು ಅಂದ. ಇಲ್ಲೇ ಇರ್ಲಿ ಅಂತ ಇಟ್ಕೊಂಡೆ. ಆಮೇಲೆ ಇವು ನಾಕು, ಬಲೇವು."

ಮಧು ಆ ನಾಲ್ಕನ್ನು ನೋಡಿದ. ಬಲೆ ಯಾರದೆಂದು ಮುಜೀಬ ಹೇಳಲಿಲ್ಲ. ಇವನು ಕೇಳಲಿಲ್ಲ.

ಮುಜೀಬ ಬೆಚ್ಚಗಿನ ನೀರಲ್ಲಿ ಅರಿಸಿನ ಕದಡಿ ತಾಯಿಯ ಗಾಯ ತೊಳೆದ. ರೆಕ್ಕೆಯನ್ನು ಮಡಿಸಿ, ಮೈಗೆ ಒತ್ತಿ, ಬಟ್ಟೆಯ ಪಟ್ಟಿ ಸುತ್ತಿದ. ನಾಳೆ ಡಾಕ್ಟರಿಗೆ ತೋರಿಸೋಣ, ಕೀಲು ತಪ್ಪಿದೆ, ಬದುಕುತ್ತದೆ, ಹಾರುವುದು ಕಷ್ಟ ಎಂದ. ಆಮೇಲೆ ಮರಿಯನ್ನು ಎತ್ತಿ ಮಧುವಿನ ಕೈಗೇ ವಾಪಸ್ ಕೊಟ್ಟ.

"ತಾಯಿನ ಇಲ್ಲಿ ಬುಟ್ಟೋಗು. ಮರಿ ನಿಂದು."

"ಅಣ್ಣ, ನಂಗೇನೂ ಗೊತ್ತಿಲ್ಲ ಅಣ್ಣ."

"ನಾನು ಹುಟ್ಟುತ್ತಾನೇ ಗೊತ್ತು ಮಾಡ್ಕೊಂಡು ಬಂದಿದ್ನಾ? ದಿನಕ್ಕೆ ನಾಕು ಸಲ ತಿನ್ನಿಸ್ಬೇಕು ಇದಕ್ಕೆ. ಲೇತ್ ಮೇಲೆ ಕೂತ್ರೆ ನಂಗೆ ಆಗಲ್ಲ. ಕಲ್ಸಿಕೊಡ್ತೀನಿ, ಕೂತ್ಕೊ."

ಕಲಿಸಿದ. ನೆನೆಸಿ ಬೇಯಿಸಿದ ಕಡಲೆಯನ್ನು ನುಣ್ಣಗೆ ಅರೆದು, ದೊಡ್ಡ ಸಿರಿಂಜಿನ ತುದಿ ಕತ್ತರಿಸಿ, ಅದರ ಬಾಯಿಗೆ ಬಲೂನಿನ ತುಂಡು ಬಿಗಿದು ನಡುವೆ ಸಣ್ಣ ಸೀಳು ಮಾಡಿದ. ಪಾರಿವಾಳದ ಮರಿ ಬೇರೆ ಹಕ್ಕಿಯ ಮರಿಗಳಂತೆ ಬಾಯಿ ತೆರೆದು ಕೂಗುವುದಿಲ್ಲ. ತಾಯಿಯ ಗಂಟಲೊಳಗೆ ಕೊಕ್ಕು ತೂರಿಸಿ ತಾನೇ ತೆಗೆದುಕೊಳ್ಳುತ್ತದೆ. ಮೂರು ಸಲ ತಪ್ಪಿಸಿಕೊಂಡ ಮರಿ ನಾಲ್ಕನೆಯ ಸಲ ಬಲೂನಿನ ಸೀಳಿಗೆ ಕೊಕ್ಕು ತೂರಿಸಿತು. ಇಡೀ ಮೈ ಅಲುಗಾಡಿಸುತ್ತ ಎಳೆದೆಳೆದು ತಿಂದಿತು. ಮಧುವಿಗೆ ಅರಿವಿಲ್ಲದೆ ನಗು ಬಂತು.

ಮನೆಗೆ ತಂದಾಗ ಹೆಂಡತಿ ರಮ್ಯಾ ಹೊಲಿಗೆ ಮೆಷಿನ್ ನಿಲ್ಲಿಸಿ ನೋಡಿದಳು.

"ಓಡ್ಸೋರು ನೀವು. ನೀವೇ ಮನೇಗೆ ತಂದ್ರಾ?"

"ಒಂದು ತಿಂಗ್ಳು ಕಣೆ. ಹಾರೋಕೆ ಬಂದ್ಮೇಲೆ ಬುಟ್ಬುಡಾನ."

"ತಾಯಿ ಎಲ್ಲಿ?"

ಮಧು ಎಲ್ಲ ಹೇಳಿದ. ಗೂಡು ನೋಡಿದ್ದನ್ನೂ ಹೇಳಿದ. ಫೋನಿನಲ್ಲಿ ಇಲ್ಲ ಎಂದಿದ್ದನ್ನೂ ಹೇಳಿದ. ರಮ್ಯಾ ಎದ್ದು ಬಂದು ಮರಿಯ ಪಕ್ಕ ಕೂತಳು. "ನೋಡಿನೂ ಯಾಕ್ರೀ ಮುಚ್ಚಿದ್ರಿ?" ಎಂದಳು. ಬೇರೆಯವರು ಕೇಳಿದ್ದರೆ ಮಧು ಏನಾದರೂ ಸಬೂಬು ಹೇಳಬಹುದಿತ್ತು.

ಮೂರನೆಯ ದಿನ ಬೆಳಿಗ್ಗೆ ಮರಿ ತಿನ್ನುವುದನ್ನು ನಿಲ್ಲಿಸಿತು. ಕುತ್ತಿಗೆಯ ಕೆಳಗಿನ ಆಹಾರದ ಚೀಲ ಹಿಂದಿನ ದಿನದ ಕಡಲೆಯಿಂದ ಹಾಗೇ ಗಟ್ಟಿಯಾಗಿತ್ತು. ಸಿರಿಂಜು ತೋರಿಸಿದರೆ ಮುಖ ತಿರುಗಿಸಿ, ಕಣ್ಣು ಅರೆಮುಚ್ಚಿ ತೂಗಾಡುತ್ತಿತ್ತು. ಮಧು ಮುಜೀಬನಿಗೆ ಫೋನ್ ಮಾಡುತ್ತಿದ್ದಂತೆ ರಮ್ಯಾ ಬಂದು ಮರಿಯ ಹೊಟ್ಟೆಗೆ ಬೆರಳ ಹಿಂಬದಿ ತಾಗಿಸಿ ನೋಡಿದಳು. ಅವಳು ಕೋಡಿಹಳ್ಳಿಯ ಹೆಣ್ಣು, ರೇಷ್ಮೆ ಹುಳು ಸಾಕುವ ಮನೆಯಲ್ಲಿ ಬೆಳೆದವಳು.

"ಮರಿ ತಣ್ಣಗೈತೆ. ಚಳಿ ಹತ್ತೈತೆ, ಅದಕ್ಕೇ ತಿಂದಿದ್ದು ಅರಗ್ತಾ ಇಲ್ಲ. ಹುಳಾನೂ ಹಿಂಗೇಯ, ತಣ್ಣಗಾದ್ರೆ ಸೊಪ್ಪು ಮುಟ್ಟಲ್ಲ. ನಮ್ಮಪ್ಪ ಸಣ್ಣ ಹುಳದ ಮನೆಗೆ ಕೆಂಡ ಇಡ್ತಿದ್ದ" ಎಂದಳು. ಹಣ್ಣಿನ ಬುಟ್ಟಿಯೊಂದಕ್ಕೆ ಬಟ್ಟೆ ಹಾಸಿ, ಮೇಲಿನಿಂದ ನಲವತ್ತು ವ್ಯಾಟಿನ ಬಲ್ಬು ಇಳಿಬಿಟ್ಟು, ಮರಿಯನ್ನು ಅದರಡಿ ಕೂರಿಸಿದಳು. ಗಂಟೆಗೊಮ್ಮೆ ಎರಡೆರಡು ಹನಿ ಬಿಸಿನೀರು ಕುಡಿಸಿ, ಆಹಾರದ ಚೀಲವನ್ನು ಬೆರಳಿನಿಂದ ಹಗುರಾಗಿ ನೀವಿದಳು. ಮಧ್ಯಾಹ್ನದ ಹೊತ್ತಿಗೆ ಚೀಲ ಮೆತ್ತಗಾಯಿತು. ಸಂಜೆ ಮರಿ ಎದ್ದು ನಿಂತು ಕೀಚ್ ಎಂದಾಗ ರಮ್ಯಾ, "ಬಂತು ಕಣ್ರೀ ಹಸಿವು!" ಎಂದು ಮೆಷಿನ್ ಬಿಟ್ಟು ಓಡಿದಳು.

ಅಂದಿನಿಂದ ಮಧು ಕೆಲಸಕ್ಕೆ ಹೋಗುವಾಗ ಮರಿಯನ್ನೂ ಕರೆದುಕೊಂಡು ಹೋಗತೊಡಗಿದ. ಯಾರ ಮನೆಗೇ ಹೋಗಲಿ, ಹುಕ್ಕು ಹೊಡೆಯುವ ಮೊದಲು ಮೂಲೆಮೂಲೆ ಹುಡುಕುತ್ತಿದ್ದ. ಮೊಟ್ಟೆಯೋ ಮರಿಯೋ ಕಂಡರೆ ಮನೆಯವರನ್ನು ಕರೆದು ತೋರಿಸುತ್ತಿದ್ದ. "ಮರಿ ಹಾರೋವರ್ಗೂ ಕಾಯಾನ. ಆಮೇಲೆ ಬಂದು ನಾನೇ ಮುಚ್ಕೊಡ್ತೀನಿ" ಎನ್ನುತ್ತಿದ್ದ. ಹತ್ತರಲ್ಲಿ ಏಳು ಜನ ಒಪ್ಪುತ್ತಿದ್ದರು. ಇದು ಅವನಿಗೇ ಆಶ್ಚರ್ಯವಾಗಿತ್ತು. ಇಷ್ಟು ವರ್ಷ ತಾನು ಕೇಳಿಯೇ ಇರಲಿಲ್ಲವಲ್ಲ ಎನ್ನಿಸುತ್ತಿತ್ತು.

ಒಪ್ಪದವರೂ ಇದ್ದರು. ಕನಕಪುರದಲ್ಲಿ ರುದ್ರಪ್ರಸಾದ್ ಎನ್ನುವವರ ಕಲ್ಯಾಣ ಮಂಟಪ. ಚಾವಣಿಯ ಕೆಳಗೆಲ್ಲ ಕಬ್ಬಿಣದ ತೊಲೆಗಳು, ತೊಲೆತೊಲೆಗೂ ಪಾರಿವಾಳ. ಮಧು ಇಲ್ಲಿಯತನಕ ಹಿಡಿದ ಕೆಲಸಗಳಲ್ಲೆಲ್ಲ ದೊಡ್ಡದು. ಅವನು ಏಣಿ ಹತ್ತಿ ಉದ್ದಕ್ಕೂ ನೋಡಿಕೊಂಡು ಇಳಿದ.

"ಸಾರ್, ಮೂರು ಗೂಡಲ್ಲಿ ಮರಿ ಅವೆ. ಆ ಕಡೆ ಖಾಲಿ ಇರೋದೆಲ್ಲ ಇವತ್ತೇ ಮುಚ್ತೀನಿ. ಈ ಕಡೆ ಒಂದು ಭಾಗಕ್ಕೆ ಮೂರು ವಾರ ಟೈಮ್ ಕೊಡಿ."

"ಹದಿನೈದಕ್ಕೆ ಮದುವೆ ಐತೆ ಕಣ್ರೀ. ಹೆಣ್ಣಿನ ತಲೆ ಮೇಲೆ ಹಿಕ್ಕೆ ಬಿದ್ರೆ ನೀವು ಬಂದು ಒರೆಸ್ತೀರಾ?"

"ಕೆಳಗಡೆ ಬಟ್ಟೆ ಕಟ್ಕೊಡ್ತೀನಿ ಸಾರ್."

ಅಷ್ಟರಲ್ಲಿ ಏಣಿಯ ಬುಡದಲ್ಲಿದ್ದ ಬುಟ್ಟಿಯೊಳಗಿಂದ ಮರಿ ಕೀಚ್ ಎಂದಿತು. ಊಟದ ಹೊತ್ತಾಗಿತ್ತು. ರುದ್ರಪ್ರಸಾದ್ ಬುಟ್ಟಿಯ ಬಟ್ಟೆ ಸರಿಸಿ ನೋಡಿ ಬೆಚ್ಚಿದರು. "ಏನ್ರೀ ಇದು? ನೀವು ಬಲೆ ಹಾಕೋಕೆ ಬಂದಿದ್ದೀರೋ, ಇಲ್ಲೇ ಮರಿ ಮಾಡ್ಸೋಕೆ ಬಂದಿದ್ದೀರೋ? ಆಗಲ್ಲ ಬುಡಿ. ಬೇರೆಯವ್ರನ್ನ ಕರೀತೀನಿ."

ಮಧು ಚಾವಣಿಯ ಕಡೆ ನೋಡಿದ. ಮಾಡಿದ್ದರೆ ಆ ತಿಂಗಳು ಬೇರೆ ಕೆಲಸವೇ ಬೇಕಿರಲಿಲ್ಲ. ಹೂಂ ಎಂದುಬಿಡಲೇ ಎಂದು ನಿಜವಾಗಿಯೂ ಅನ್ನಿಸಿತು; ಏಣಿಯ ಮೇಲೆ ಇಟ್ಟ ಕೈ ತೆಗೆಯಲಿಲ್ಲ. ಆಮೇಲೆ ತಾನು ತಂದಿದ್ದ ಬಲೆ ನೋಡಿದ, ಅದರ ಕಣ್ಣುಗಳನ್ನು ನೋಡಿದ.

"ಆಯ್ತು ಸಾರ್, ಬೇರೆಯವ್ರೇ ಮಾಡ್ಲಿ. ಅವ್ರು ಬರೋಕೆ ಮುಂಚೆ ಆ ಮರಿಗಳನ್ನ ನಾನು ಇಳಿಸ್ಕೊಂಡು ಹೋಗ್ಲಾ?"

ರುದ್ರಪ್ರಸಾದ್ ಅವನ ಮುಖವನ್ನೇ ನೋಡುತ್ತ ನಿಂತರು. "ಕೆಲಸ ಬುಟ್ಟು ಮರಿ ತಗೊಂಡೋಯ್ತೀಯಾ?" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಕೆಲಸ ಕೊಡಲಿಲ್ಲ, ಆದರೆ ಮಂಟಪದ ಉಗ್ರಾಣದಿಂದ ಹೂವಿನ ಬುಟ್ಟಿಯೊಂದನ್ನು ತಾವೇ ತಂದುಕೊಟ್ಟರು. ಮಧು ಮೇಲಿರುವಷ್ಟು ಹೊತ್ತು ಏಣಿ ಹಿಡಿದುಕೊಂಡು ನಿಂತರು. ಐದು ಮರಿ ಸಿಕ್ಕವು. ಮುಜೀಬನೂ ರಮ್ಯಾಳೂ ಮಧುವೂ ಹಂಚಿಕೊಂಡು ಸಾಕಿದರು. ಅವುಗಳಲ್ಲಿ ಮೂರು ಉಳಿದವು.

ಗಿರಿಜಾಂಬ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು. ಮರಿ ಹೇಗಿದೆ, ತಾಯಿಯ ರೆಕ್ಕೆ ಹೇಗಿದೆ ಎಂದು ಕೇಳುವರು. ಆ ಗಂಡು ಹಕ್ಕಿ ಎರಡು ದಿನ ಎದುರು ಪ್ಯಾರಪೆಟ್ಟಿನ ಮೇಲೆ ಕೂತಿದ್ದು ಹೋಯಿತು, ಮತ್ತೆ ಬರಲಿಲ್ಲ ಎಂದೂ ಹೇಳಿದ್ದರು. "ನಿಮ್ಮಿಂದ ಒಂದು ಜೀವ ಉಳೀತಪ್ಪ" ಎಂದು ಅವರು ಅಂದಾಗಲೆಲ್ಲ ಮಧು ಏನೋ ನೆಪ ಹೇಳಿ ಫೋನ್ ಇಟ್ಟುಬಿಡುತ್ತಿದ್ದ. ನಾಲ್ಕನೆಯ ಭಾನುವಾರ ಅವರ ಫೋನಿಗೆ ಕಾಯದೆ ತಾನೇ ಐಜೂರಿಗೆ ಹೋದ.

ಮೈಗೆ ಹಕ್ಕಿಯ ಧೂಳು ಹತ್ತಿರಬಹುದೆಂದು ಒಳಗೆ ಹೋಗಲಿಲ್ಲ. ಗಿರಿಜಾಂಬ ಬಾಗಿಲು ಮುಂದೆ ಮಾಡಿಕೊಂಡು ಹೊರಬಂದರು. ಇಬ್ಬರೂ ಮೆಟ್ಟಿಲ ಮೇಲೆ ಕೂತರು.

"ಅಮ್ಮ, ಒಂದು ಮಾತು ಹೇಳ್ಬೇಕಿತ್ತು. ಅವತ್ತು ನೀವು ಕೇಳಿದ್ರಲ್ಲ, ಗೂಡು ನೋಡಿದ್ರಾ ಅಂತ. ನೋಡಿದ್ದೆ ಅಮ್ಮ. ಎರಡು ಮರೀನೂ ನೋಡಿದ್ದೆ. ಬೇಗ ಮುಗಿಸ್ಕೊಂಡು ಹೋಗಾನ ಅಂತ ಮುಚ್ಬುಟ್ಟೆ. ಸುಳ್ಳು ಹೇಳ್ಬುಟ್ಟೆ."

ಗಿರಿಜಾಂಬ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು.

"ನಂಗೆ ಗೊತ್ತು" ಎಂದರು.

ಮಧು ತಲೆಯೆತ್ತಿದ.

"ನೀವು ಡ್ರಿಲ್ ಮಾಡೋವಾಗ ಕಿಟಕಿ ಹಿಂದೆ ನಿಂತಿದ್ದೆ. ಆ ಮೂಲೆಗೆ ಬಂದಾಗ ಬಗ್ಗಿದ್ರಿ. ಅಲ್ಲೇ ಒಂದು ಗಳಿಗೆ ನಿಂತ್ರಿ. ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ಕಾದೆ. ನೀವು ಹೇಳ್ಲಿಲ್ಲ."

"ಅಂದ್ರೆ ಅಮ್ಮ, ನಿಮಗೆ ಮೊದ್ಲೇ..."

"ಮೊಟ್ಟೆ ಇಟ್ಟ ದಿನದಿಂದ ಗೊತ್ತು. ಇವರು ಮಲಗಿದ ಮೇಲೆ ಬಾಗಿಲು ಸಂದಿಯಿಂದ ನೋಡ್ತಿದ್ದೆ. ಒಂದೊಂದು ದಿನ ನಾಲ್ಕು ಕಾಳು ಅಕ್ಕಿನೂ ಎಸೀತಿದ್ದೆ. ಆಮೇಲೆ ಡಾಕ್ಟ್ರು ಹಾಗಂದ್ರು. ಇವರು ಒಂದು ಲೋಟ ನೀರು ಎತ್ತೋಕೆ ಉಸಿರು ಸಾಲದೆ ಬಾಯಿ ಬಾಯಿ ಬಿಡೋದು ನೋಡಿ, ಇನ್ನೊಂದು ದಿನಾನೂ ಕಾಯಬಾರದು ಅನ್ನಿಸ್ತು. ಆ ಕಡೆ ಮರಿ, ಈ ಕಡೆ ಇವರು. ನಾನಾಗಿ ತಡೆದ್ರೆ ಗಂಡನಿಗಿಂತ ಹಕ್ಕಿ ಹೆಚ್ಚಾಯ್ತಾ ಅಂತ ನನ್ನ ಮನಸ್ಸೇ ಕೇಳುತ್ತೆ. ನೀವು ಬಾಯಿಬಿಟ್ಟಿದ್ರೆ ಆಯ್ತಪ್ಪ, ಕಾಯೋಣ ಅಂತಿದ್ದೆ. ನೀವು ಹೇಳಲಿ ಅಂತ ಕಾಫಿ ಕೊಟ್ಟು ಕೂರಿಸಿದೆ." ಅವರು ಸ್ವಲ್ಪ ಸುಧಾರಿಸಿಕೊಂಡರು. "ಮೂವತ್ತು ವರ್ಷ ಮಕ್ಕಳ ಮುಂದೆ ನಿಂತು ಮಾತಾಡಿದವಳು ನಾನು. ಅವತ್ತು ಒಂದು ಮಾತು ಬರಲಿಲ್ಲ. ಬೆಳಿಗ್ಗೆ ಆ ಸದ್ದು ಕೇಳಿ ತಡೆಯೋಕೆ ಆಗದೆ ಫೋನ್ ಮಾಡ್ದೆ. ಅಷ್ಟರಲ್ಲಿ ಒಂದು ಹೋಗಿತ್ತು."

ಕೆಳಗಡೆ ಯಾರೋ ಗಾಡಿ ಸ್ಟಾರ್ಟ್ ಮಾಡಿಕೊಂಡು ಹೋದರು. ಇಷ್ಟು ದಿನ ಒಬ್ಬನೇ ಹೊತ್ತಿದ್ದೆ ಎಂದುಕೊಂಡಿದ್ದ ಭಾರವನ್ನು ಈ ಅಮ್ಮನೂ ಹೊತ್ತಿದ್ದರೆಂದು ತಿಳಿದು ಮಧುವಿಗೆ ಹಗುರಾಯಿತು ಎಂದೇನಲ್ಲ. ಆದರೆ ಅವರ ಪಕ್ಕ ಕೂರುವುದು ಸುಲಭವಾಯಿತು.

"ಗಿರಿಜಾ..." ಒಳಗಿನಿಂದ ಚನ್ನಲಿಂಗಪ್ಪನವರ ಧ್ವನಿ. ಎರಡು ಮಾತಿಗೊಮ್ಮೆ ನಿಲ್ಲುವ ಧ್ವನಿ. "ಯಾರು, ಬಲೆಯವರಾ? ಮರಿ ಹೇಗಿದೆ... ಕೇಳು."

ಗಿರಿಜಾಂಬ ಮಧುವಿನ ಮುಖ ನೋಡಿದರು. "ನಾನು ಫೋನಲ್ಲಿ ಮಾತಾಡೋದು ಕೇಳಿಸ್ಕೊಂಡಿದ್ದಾರೆ" ಎಂದರು ಮೆಲ್ಲಗೆ.

ಮಧು ತನ್ನ ಫೋನನ್ನು ಪಂಚೆಯ ತುದಿಯಲ್ಲಿ ಚೆನ್ನಾಗಿ ಒರೆಸಿ ಕೊಟ್ಟ. ಹಿಂದಿನ ದಿನ ರಮ್ಯಾ ತೆಗೆದಿದ್ದ ವಿಡಿಯೊ ಅದರಲ್ಲಿತ್ತು: ಮರಿ ಹೊಲಿಗೆ ಮೆಷಿನ್ ಮೇಲೆ ನಿಂತು ರೆಕ್ಕೆ ಬಡಿಯುತ್ತಿತ್ತು, ಅಂಗುಲದಷ್ಟು ಮೇಲೇಳುತ್ತಿತ್ತು, ಮತ್ತೆ ಕೂರುತ್ತಿತ್ತು. ಒಳಗಿನಿಂದ ಮೊದಲು ನಗು ಕೇಳಿಸಿತು, ಆಮೇಲೆ ಕೆಮ್ಮು, ಆಮೇಲೆ ಮತ್ತೆ ನಗು. "ಇನ್ನೊಂದ್ಸಲ... ಹಾಕು" ಎಂದರು ಚನ್ನಲಿಂಗಪ್ಪ. ಅದನ್ನು ಅವರು ಐದು ಸಲ ನೋಡಿದರು.

ಆ ಮರಿ ಆಷಾಢ ಶುರುವಾಗುವ ಹೊತ್ತಿಗೆ ಹಾರಿತು. ಮುಜೀಬನ ತಾರಸಿಯ ಮೇಲೆ ಅವನ ಹಕ್ಕಿಗಳ ಜೊತೆ ಬಿಟ್ಟರು. ಮೊದಲ ದಿನ ನೀರಿನ ಟ್ಯಾಂಕಿನ ಮೇಲೇ ಕೂತು ಸಂಜೆಗೆ ಇಳಿಯಿತು. ಒಂದು ವಾರ ಹೋಗುವುದು ಬರುವುದು ಮಾಡಿತು. ಆಮೇಲೆ ಒಂದು ಬೆಳಿಗ್ಗೆ ಕಾಡುಪಾರಿವಾಳಗಳ ಹಿಂಡೊಂದು ಮೇಲಿಂದ ಹಾದುಹೋದಾಗ ಎದ್ದು ಅವುಗಳ ಹಿಂದೆ ಹೋಯಿತು. ಬಿಸಿಲು ಇಳಿಯುವವರೆಗೆ ಮುಜೀಬ, ಮಧು, ರಮ್ಯಾ ಮೂವರೂ ಮೇಲೆ ನೋಡುತ್ತಲೇ ಇದ್ದರು. ಬರಲಿಲ್ಲ. ರಮ್ಯಾ ಒಂದಿಷ್ಟು ಅತ್ತಳು. "ಅಳ್ತೀಯಲ್ಲಮ್ಮ, ಇದಕ್ಕೇ ಅಲ್ವಾ ಸಾಕಿದ್ದು" ಎಂದು ಮುಜೀಬ ಬೈದ; ಬೈಯುವಾಗ ಅವನೂ ಕಣ್ಣು ಒರೆಸಿಕೊಂಡ. ತಾಯಿಯ ರೆಕ್ಕೆ ಸೊಟ್ಟಗೆ ಕೂಡಿಕೊಂಡಿತು. ಗೋಡೆಯ ಎತ್ತರಕ್ಕೆ ಹಾರುತ್ತದೆ, ಅದಕ್ಕಿಂತ ಮೇಲೆ ಆಗುವುದಿಲ್ಲ. ಅದು ಸಣ್ಣ ಗೂಡಿನಲ್ಲೇ ಉಳಿಯಿತು.

ಆ ಗೂಡು ಈಗ ಸಣ್ಣದಾಗಿ ಉಳಿದಿಲ್ಲ. ಮಧು ತನ್ನ ಹಗ್ಗ, ಏಣಿಗಳನ್ನು ಇನ್ನೊಂದು ಕೆಲಸಕ್ಕೂ ಬಳಸತೊಡಗಿದ್ದಾನೆ. ಮಾಗಡಿಯಲ್ಲಿ ತೆಂಗಿನಮರಕ್ಕೆ ಮಾಂಜಾ ಸುತ್ತಿಕೊಂಡು ನೇತಾಡುವ ಹಕ್ಕಿ, ರಾಮನಗರದಲ್ಲಿ ರೇಷ್ಮೆ ನೂಲಿನ ಶೆಡ್ಡಿನ ಗಾಜಿಗೆ ಬಡಿದು ಬಿದ್ದ ಹಕ್ಕಿ, ಯಾವುದಕ್ಕಾದರೂ ಫೋನ್ ಬರುತ್ತದೆ. ಮುಜೀಬ ತಾರಸಿಯ ಇನ್ನರ್ಧವನ್ನೂ ಅವುಗಳಿಗೇ ಬಿಟ್ಟುಕೊಟ್ಟು, ಬೊಂಬೆಗೆ ತಂದ ಮರದಲ್ಲಿ ಉಳಿದ ತುಂಡುಗಳಿಂದ ಕೂರುವ ಗೂಟ ಕಡೆದಿದ್ದಾನೆ.

ಗಿರಿಜಾಂಬ ಮೊದಲ ಸಲ ಅಲ್ಲಿಗೆ ಬಂದದ್ದು ಶ್ರಾವಣದ ಒಂದು ಶನಿವಾರ. ಮನೆಯಲ್ಲಿ ಚನ್ನಲಿಂಗಪ್ಪನವರ ತಂಗಿ ಬಂದಿದ್ದರಿಂದ ಅವರಿಗೆ ಬಿಡುವಾಗಿತ್ತು. ದೊಡ್ಡಮಳೂರಿನಲ್ಲಿ ರಮ್ಯಾಳ ಹಳೆಯ ಸೀರೆ ಉಟ್ಟುಕೊಂಡು ಬಂದು, ಬಾಯಿಗೆ ಮಾಸ್ಕ್ ಹಾಕಿಕೊಂಡು ಮುಜೀಬನ ತಾರಸಿ ಹತ್ತಿದರು. ವಾಪಸ್ ಹೋಗುವಾಗ ರಮ್ಯಾಳ ಮನೆಯಲ್ಲೇ ತಲೆಗೆ ಸ್ನಾನ ಮಾಡಿ, ತಮ್ಮ ಸೀರೆ ಉಟ್ಟುಕೊಂಡೇ ಹೋಗುವುದು ಎಂದು ಮೊದಲೇ ಮಾತಾಗಿತ್ತು. ಗಂಡನ ಹತ್ತಿರಕ್ಕೆ ಒಂದು ಗರಿಯ ಧೂಳೂ ಹೋಗಬಾರದು.

ಅವತ್ತು ಬೆಳಿಗ್ಗೆ ಬಸ್ ಸ್ಟ್ಯಾಂಡಿನಿಂದ ಹೊಸ ಹಕ್ಕಿಯೊಂದು ಬಂದಿತ್ತು. ಅದರ ಎರಡೂ ಪಾದಗಳಿಗೆ ದಾರ, ಕೂದಲು ಸುತ್ತಿಕೊಂಡು ಬೆರಳುಗಳು ಊದಿದ್ದವು. ಮುಜೀಬನ ದಪ್ಪ ಬೆರಳಿಗೆ ಆ ಎಳೆಗಳು ಸಿಗುತ್ತಿರಲಿಲ್ಲ. ಮಧುವಿಗೆ ಅಷ್ಟು ಸೂಕ್ಷ್ಮದ ಕೆಲಸ ಒಗ್ಗುತ್ತಿರಲಿಲ್ಲ.

"ಇಲ್ಲಿ ಕೊಡಿ, ನೋಡೋಣ" ಎಂದು ಗಿರಿಜಾಂಬ ಕನ್ನಡಕ ಮೂಗಿಗೆ ಏರಿಸಿ ಕುರ್ಚಿ ಎಳೆದುಕೊಂಡರು.

"ಹಕ್ಕೀನ ಬಟ್ಟೇಲಿ ಸುತ್ತಿ ಹಿಡ್ಕೊ ಮಧು" ಎಂದ ಮುಜೀಬ. "ಮೇಡಂ, ಕಾಲು ಜೋರಾಗಿ ಎಳೀಬೇಡಿ. ಒಸಿ ನೀರು ಹಚ್ಚಿ, ನೆನೀಲಿ."

ಅವರು ಹೊಲಿಗೆಯ ಸಣ್ಣ ಕತ್ತರಿಯ ತುದಿಯನ್ನು ಎಳೆಯ ಕೆಳಗೆ ತೂರಿಸಿದರು, ಬೆರಳಿಗೆ ತಾಗದಂತೆ. ಒಂದು ಎಳೆ ಬಂತು. ಇನ್ನೊಂದು. ಅರ್ಧ ಗಂಟೆ ಹೀಗೇ ಹೋಯಿತು. ಎಡಗಾಲಿನ ಕೊನೆಯ ಸುತ್ತು ಬಿಚ್ಚಿದಾಗ ಹಕ್ಕಿ ಆ ಪಾದವನ್ನು ಮೆಲ್ಲಗೆ ಅಗಲಿಸಿ ಗಿರಿಜಾಂಬರ ತೋರುಬೆರಳನ್ನು ಹಿಡಿದುಕೊಂಡಿತು. ಅವರು ಕೈ ಕದಲಿಸದೆ ಹಾಗೇ ಕೂತರು.

"ಇನ್ನೊಂದು ಕಾಲು ಐತಮ್ಮ" ಎಂದ ಮಧು.

"ಇರಪ್ಪ, ಅವಸರ ಏನು" ಎಂದರು ಗಿರಿಜಾಂಬ.